ಒಳಗಿನ ಗಿಡ, ಹೊರಗಿನ ಗಿಡ: ಮೈಸೂರಿನ ಮನೆಗಳಲ್ಲಿ ಬೆಳಕಿನ ಲೆಕ್ಕ

ಮೈಸೂರಿನಲ್ಲಿ ಅಪಾರ್ಟ್‌ಮೆಂಟುಗಳು ಹೆಚ್ಚಿದ ಮೇಲೆ, ಕೈತೋಟದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: ಗಿಡಗಳನ್ನು ಮನೆಯೊಳಗೆ ಬೆಳೆಸುವುದು ಮೇಲೋ, ಹೊರಗೆ ಬೆಳೆಸುವುದು ಮೇಲೋ? ಹಿಂದಿನ ತಲೆಮಾರಿನವರಿಗೆ ಹೀಗೆ ಕೇಳುವ ಅಗತ್ಯವೇ ಇರಲಿಲ್ಲ. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಕುವೆಂಪುನಗರದಂಥ ಬಡಾವಣೆಗಳಲ್ಲಿ ನಿವೇಶನ ಪಡೆದು ಮನೆ ಕಟ್ಟಿದವರು ಮುಂದುಗಡೆ ಮಲ್ಲಿಗೆ, ದಾಸವಾಳ, ಹಿತ್ತಲಲ್ಲಿ ತೆಂಗು, ಕರಿಬೇವು, ನುಗ್ಗೆ, ಬಚ್ಚಲ ನೀರು ಹರಿಯುವಲ್ಲಿ ಒಂದು ಬಾಳೆ ಎಂದು ಯೋಚನೆಯಿಲ್ಲದೆ ನೆಡುತ್ತಿದ್ದರು. ಗಿಡವೆಂದರೆ ಹೊರಗೇ ಇರತಕ್ಕದ್ದು. ಈಗ ಮೂವತ್ತು ನಲವತ್ತರ ನಿವೇಶನದಲ್ಲಿ ಗೋಡೆಯಿಂದ ಗೋಡೆಗೆ ಮನೆ ಎದ್ದು, ಉಳಿದ ಜಾಗಕ್ಕೆ ಕಾರು ನಿಂತು, ಮಣ್ಣು ಕಾಣುವುದೇ ಅಪರೂಪವಾಗಿದೆ. ಆದ್ದರಿಂದ ಗಿಡಗಳು ತಾರಸಿಗೆ ಹತ್ತಿವೆ, ಇಲ್ಲವೇ ಹಾಲಿನ ಮೂಲೆಗೆ ಬಂದು ಕೂತಿವೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಳಗೆ, ಹೊರಗೆ ಎಂಬ ಗೆರೆಯನ್ನು ನಾವು ಗೋಡೆಯನ್ನು ನೋಡಿ ಎಳೆಯುತ್ತೇವೆ; ಗಿಡ ಅದನ್ನು ಬೆಳಕನ್ನು ನೋಡಿ ಎಳೆಯುತ್ತದೆ. ಚಳಿಗಾಲದಲ್ಲಿ ಹಿಮ ಬೀಳುವ ದೇಶಗಳವರು ಗಿಡಗಳನ್ನು ಒಳಗೆ ತರಬೇಕಾದದ್ದು ಚಳಿಯಿಂದ. ಸುಮಾರು 770 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ಚಳಿಯೂ ಗಿಡವನ್ನು ಕೊಲ್ಲುವುದಿಲ್ಲ, ಬಿಸಿಲೂ ವರ್ಷದ ಎರಡು ಮೂರು ತಿಂಗಳು ಬಿಟ್ಟರೆ ಅತಿಯಾಗುವುದಿಲ್ಲ. ಆದ್ದರಿಂದ ಅವರ ಪುಸ್ತಕಗಳಲ್ಲೂ ವಿಡಿಯೋಗಳಲ್ಲೂ ಒಳಾಂಗಣ ತೋಟಗಾರಿಕೆಗೆ ಕೊಡುವ ಕಾರಣಗಳಲ್ಲಿ ಹೆಚ್ಚಿನವು ಇಲ್ಲಿಗೆ ಹೊಂದುವುದಿಲ್ಲ. ನಮಗೆ ಒಳಗೆ ಗಿಡವಿಡಲು ಇರುವ ಕಾರಣಗಳು ಎರಡೇ: ಹೊರಗೆ ಜಾಗವಿಲ್ಲದಿರುವುದು, ಮತ್ತು ಮನೆಯೊಳಗೆ ಹಸಿರು ಕಣ್ಣಿಗೆ ಬೀಳಲಿ ಎಂಬ ಆಸೆ. ಎರಡೂ ನ್ಯಾಯವಾದವೇ, ಆದರೆ ಎರಡಕ್ಕೂ ಬೇಕಾದ ಗಿಡಗಳು ಬೇರೆ.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣು ನಮಗೆ ಸುಳ್ಳು ಹೇಳುತ್ತದೆ. ಮಧ್ಯಾಹ್ನದ ಬಯಲಿನಲ್ಲಿ ಬೆಳಕಿನ ಪ್ರಮಾಣ ಸುಮಾರು 1,00,000 ಲಕ್ಸ್ ಇರುತ್ತದೆ. ಅದೇ ಹೊತ್ತಿನಲ್ಲಿ ಹೊರಗಿನ ಮರದ ತೆಳುನೆರಳಿನಲ್ಲಿ ಹತ್ತು ಇಪ್ಪತ್ತು ಸಾವಿರ. ಕಿಟಕಿಗೆ ಅಂಟಿಕೊಂಡಂತೆ, ನೇರ ಬಿಸಿಲು ಬೀಳದ ಜಾಗದಲ್ಲಿ ಒಂದೆರಡು ಸಾವಿರ. ಹಾಲಿನ ನಡುವೆ ಟೀವಿಯ ಪಕ್ಕ ನೂರು ಇನ್ನೂರು. ಅಂದರೆ ಹೊಸ್ತಿಲು ದಾಟಿ ಹತ್ತು ಹೆಜ್ಜೆ ಒಳಗೆ ಬರುವಷ್ಟರಲ್ಲಿ ಬೆಳಕು ನೂರು ಪಟ್ಟಲ್ಲ, ಐನೂರು ಪಟ್ಟು ಕುಸಿದಿರುತ್ತದೆ. ಆದರೂ ಅಲ್ಲಿ ಕುಳಿತು ಪತ್ರಿಕೆ ಓದಲು ನಮಗೆ ತೊಂದರೆಯಾಗುವುದಿಲ್ಲ, ಏಕೆಂದರೆ ನಮ್ಮ ಕಣ್ಣು ಇರುವ ಬೆಳಕಿಗೆ ಹೊಂದಿಕೊಂಡು ಈ ಅಂತರವನ್ನು ಮರೆಮಾಚುತ್ತದೆ. ಎಲೆಗೆ ಅಂಥ ಅನುಕೂಲವಿಲ್ಲ. ಅದು ಬೆಳಕಿನಿಂದ ಆಹಾರ ತಯಾರಿಸುತ್ತದೆ, ಹಗಲಿರುಳು ಉಸಿರಾಡುತ್ತ ಆ ಆಹಾರವನ್ನು ಖರ್ಚು ಮಾಡುತ್ತದೆ; ಗಳಿಕೆಗಿಂತ ಖರ್ಚು ಹೆಚ್ಚಾದ ಜಾಗದಲ್ಲಿ ಇಟ್ಟ ಗಿಡ ಆ ದಿನವೇ ಸಾಯುವುದಿಲ್ಲ, ಕಾಂಡದಲ್ಲೂ ಬೇರಿನಲ್ಲೂ ಕೂಡಿಟ್ಟದ್ದನ್ನು ತಿಂದುಕೊಂಡು ಕೆಲವು ತಿಂಗಳು ನಿಲ್ಲುತ್ತದೆ. ಆಮೇಲೆ ಅದು ಸೊರಗಿದಾಗ ನಾವು ನೀರು ಕಡಿಮೆಯಾಯಿತೋ, ಗೊಬ್ಬರ ಸಾಲದೋ, ದೃಷ್ಟಿ ತಾಗಿತೋ ಎಂದು ಹುಡುಕುತ್ತೇವೆ.

ಲಕ್ಸ್ ಅಳೆಯುವ ಆ್ಯಪ್‌ಗಳು ಮೊಬೈಲಿನಲ್ಲಿ ಸಿಗುತ್ತವೆ, ಅಂದಾಜಿಗೆ ಸಾಕು. ಅದಿಲ್ಲದೆಯೂ ಪರೀಕ್ಷಿಸಬಹುದು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗಿಡವಿಡಬೇಕೆಂದಿರುವ ಜಾಗದಲ್ಲಿ ಒಂದು ಬಿಳಿ ಕಾಗದ ಹಾಸಿ, ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಕೈಯನ್ನು ಹಿಡಿಯಬೇಕು. ಬೆರಳುಗಳ ನೆರಳು ಸ್ಪಷ್ಟವಾಗಿ ಬಿಡಿಬಿಡಿಯಾಗಿ ಬಿದ್ದರೆ ಹೂವು, ಕಾಯಿಯ ಗಿಡಗಳನ್ನು ಯೋಚಿಸಬಹುದು. ಅಂಗೈಯ ಆಕಾರವಷ್ಟೇ ಮಸುಕಾಗಿ ಕಂಡರೆ ಎಲೆಯ ಗಿಡಗಳಿಗೆ ಆದೀತು. ನೆರಳೇ ಬೀಳದಿದ್ದರೆ ಆ ಮೂಲೆಗೆ ಹಿತ್ತಾಳೆಯ ಆನೆಯೋ ಚನ್ನಪಟ್ಟಣದ ಗೊಂಬೆಯೋ ಸಾಕು. ಇನ್ನೊಂದು ಪರೀಕ್ಷೆ ಇನ್ನೂ ಸುಲಭ: ಕುಂಡವಿರುವ ಎತ್ತರಕ್ಕೆ ಬಗ್ಗಿ, ಅಲ್ಲಿಂದ ಆಕಾಶ ಎಷ್ಟು ಕಾಣುತ್ತದೆಂದು ನೋಡುವುದು. ಎದುರು ಮನೆಯ ಗೋಡೆಯಷ್ಟೇ ಕಂಡರೆ, ಕಿಟಕಿ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ. ಸೊಳ್ಳೆಪರದೆಯ ಜಾಲರಿ, ಬಣ್ಣದ ಗಾಜು, ಧೂಳು ಹಿಡಿದ ಗಾಜು, ಇವೆಲ್ಲ ತಮ್ಮ ತಮ್ಮ ಪಾಲನ್ನು ಮುರಿದುಕೊಂಡು ಉಳಿದದ್ದನ್ನಷ್ಟೇ ಒಳಗೆ ಬಿಡುತ್ತವೆ.

ದಿಕ್ಕಿನ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬೇರೆ ದೇಶಗಳ ಸಲಹೆಗಳು ಇಲ್ಲಿಯೇ ಹೆಚ್ಚು ದಾರಿ ತಪ್ಪಿಸುತ್ತವೆ. ಉತ್ತರದ ಕಿಟಕಿಗೆ ವರ್ಷಪೂರ್ತಿ ನೇರ ಬಿಸಿಲು ಬೀಳುವುದಿಲ್ಲವೆಂದು ಅಲ್ಲಿ ಬರೆದಿರುತ್ತಾರೆ. ಬೇಸಗೆಯ ಮುಂಜಾನೆ, ಸಂಜೆಗಳನ್ನು ಬಿಟ್ಟರೆ ಅದು ಲಂಡನ್ನಿಗೆ ನಿಜ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 22–23ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ 20ರವರೆಗೆ ನಮ್ಮ ಉತ್ತರಕ್ಕೇ ಇರುತ್ತಾನೆ. ಈ ನಾಲ್ಕು ತಿಂಗಳು ಬೆಳಗ್ಗೆ ಈಶಾನ್ಯದಿಂದಲೂ ಸಂಜೆ ವಾಯವ್ಯದಿಂದಲೂ ಉತ್ತರದ ಬಾಲ್ಕನಿಗೆ ಬಿಸಿಲು ಬರುತ್ತದೆ, ದಕ್ಷಿಣದ ಬಾಲ್ಕನಿ ನೆರಳಿನಲ್ಲಿರುತ್ತದೆ. ಡಿಸೆಂಬರಿನಲ್ಲಿ ಇದು ತಿರುವುಮುರುವಾಗುತ್ತದೆ. ಆಗ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಹತ್ತು ಅಡಿ ಎತ್ತರದ ತೆರೆದ ದಕ್ಷಿಣ ಬಾಲ್ಕನಿಯಲ್ಲಿ ಬಿಸಿಲು ಏಳು ಅಡಿಯಷ್ಟು ಒಳಗೆ ನುಗ್ಗುತ್ತದೆ. ಹೀಗಾಗಿ ದಕ್ಷಿಣದ ಬಾಲ್ಕನಿ ಇರುವವರಿಗೆ ಟೊಮೆಟೊ, ಮೆಣಸಿನಕಾಯಿ ಬೆಳೆಯುವ ಕಾಲ ಅಕ್ಟೋಬರಿನಿಂದ ಫೆಬ್ರವರಿ; ಜೂನಿನಲ್ಲಿ ಅಲ್ಲೇ ಅದೇ ಗಿಡ ಉದ್ದುದ್ದ ಬೆಳೆದು ಹೂ ಉದುರಿಸಿದರೆ ಬೀಜವನ್ನು ದೂರಬೇಕಾಗಿಲ್ಲ. ಉತ್ತರದ ಬಾಲ್ಕನಿಯವರ ಕಷ್ಟ ಬೇರೆ: ಅವರ ಪಾಲಿನ ಬಿಸಿಲು ಬರುವ ಜೂನ್, ಜುಲೈ ತಿಂಗಳುಗಳಲ್ಲೇ ಮೋಡ ಕವಿದಿರುತ್ತದೆ. ಅವರಿಗೆ ನಾನು ಸೊಪ್ಪನ್ನೇ ಹೇಳುತ್ತೇನೆ. ಪೂರ್ವದ ಬಾಲ್ಕನಿ ವರ್ಷವಿಡೀ ಎಲ್ಲರಿಗಿಂತ ಸುಖಿ. ಪಶ್ಚಿಮದ್ದು ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ಮೂರರ ಹೊತ್ತಿಗೆ ಗೋಡೆಯೂ ನೆಲವೂ ಕಾದು ಬೇರನ್ನೇ ಬೇಯಿಸುವಂಥದ್ದು.

ವಿಜಯನಗರದ ಕಡೆ ಫ್ಲ್ಯಾಟಿನಲ್ಲಿರುವ ನನ್ನ ತಂಗಿ ದೇವರ ಮನೆಯ ಮುಂದೆ ತುಳಸಿಯ ಕುಂಡ ಇಟ್ಟಿದ್ದಳು. "ಅಕ್ಕ, ಇದು ಎಷ್ಟು ತಂದರೂ ಉಳಿಯೋದಿಲ್ಲ ಕಣೇ, ಮನೆಗೇ ಏನೋ ಆಗಿದೆ" ಎಂದು ಫೋನಿನಲ್ಲಿ ಹೇಳಿ, ಪುರೋಹಿತರನ್ನು ಕೇಳಲೂ ಹೊರಟಿದ್ದಳು. ತುಳಸಿ ಅಂಗಳದ ಗಿಡ, ಬೃಂದಾವನ ಕಟ್ಟಿ ಬಯಲಿನಲ್ಲಿ ನಿಲ್ಲಿಸಿದ ಗಿಡ. ಅದಕ್ಕೆ ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೇಕು. ಬಟ್ಟೆ ಒಣಗಿಸುವ ಯುಟಿಲಿಟಿಯ ಪೂರ್ವದ ಕಟ್ಟೆಗೆ ಅದನ್ನು ಸಾಗಿಸಿದ ಮೇಲೆ ಚಿಗುರಿತು. ದೀಪ ಹಚ್ಚಲು ಅಷ್ಟು ದೂರ ಹೋಗಬೇಕಲ್ಲ ಎಂಬುದು ಈಗ ಅವಳ ದೂರು. ಮೈಸೂರು ಮಲ್ಲಿಗೆಯ ಕಥೆಯೂ ಇಷ್ಟೇ: ಮಂಕು ಬೆಳಕಿನಲ್ಲಿ ಬಳ್ಳಿ ಹಸಿರಾಗಿ ಹಬ್ಬಬಹುದು, ಮೊಗ್ಗು ಮಾತ್ರ ಬಿಡುವುದಿಲ್ಲ. ಬದನೆ, ಬೆಂಡೆ, ಟೊಮೆಟೊ, ಮೆಣಸಿನಕಾಯಿ, ಇವುಗಳೆಲ್ಲ ದಿನಕ್ಕೆ ಆರು ಗಂಟೆ ಬಿಸಿಲು ಬೇಡುವ ಗಿರಾಕಿಗಳು. ನಮ್ಮ ಈರನಗೆರೆ ಬದನೆಯನ್ನು ಸೋಫಾದ ಪಕ್ಕ ಬೆಳೆಯಲು ಯಾವ ಉಪಾಯವೂ ಇಲ್ಲ.

ಹಾಗಾದರೆ ಒಳಗೆ ಬಾಳುವ ಗಿಡಗಳು ಹೇಗೆ ಬಾಳುತ್ತವೆ? ನರ್ಸರಿಗಳಲ್ಲಿ ಇನ್‌ಡೋರ್ ಎಂದು ಮಾರುವ ಮನಿ ಪ್ಲಾಂಟ್, ಅಗ್ಲೋನಿಮಾ, ಪೀಸ್ ಲಿಲ್ಲಿ, ಸಿಂಗೋನಿಯಂ, ಫಿಲೊಡೆಂಡ್ರಾನ್ ಎಲ್ಲವೂ ಉಷ್ಣವಲಯದ ದಟ್ಟ ಕಾಡುಗಳಲ್ಲಿ ದೊಡ್ಡ ಮರಗಳ ಬುಡದಲ್ಲಿ, ಚದುರಿದ ಬೆಳಕಿನಲ್ಲಿ ಹುಟ್ಟಿ ಬೆಳೆಯುವ ಕುಲದವು. ಅವುಗಳ ಎಲೆ ಅಗಲ, ಉಸಿರಾಟದ ಖರ್ಚು ಕಡಿಮೆ, ಬೆಳವಣಿಗೆ ನಿಧಾನ. ಸ್ನೇಕ್ ಪ್ಲಾಂಟ್ ಮತ್ತು ಜೆಡ್ ಜೆಡ್ ಪ್ಲಾಂಟ್‌ಗಳು ಆಫ್ರಿಕದ ಒಣಪ್ರದೇಶಗಳವು. ಎಲೆಯಲ್ಲೂ ಗೆಡ್ಡೆಯಲ್ಲೂ ನೀರು ಕೂಡಿಟ್ಟುಕೊಂಡು ನಮ್ಮ ಮರೆವನ್ನು ಸಹಿಸುತ್ತವೆ. ಮನೆಯೊಳಗೆ ಇವು ಬೆಳೆಯುತ್ತವೆ ಎನ್ನುವುದಕ್ಕಿಂತ ತಡೆದುಕೊಳ್ಳುತ್ತವೆ ಎನ್ನುವುದು ಸರಿ; ಕಿಟಕಿಗೆ ಎರಡು ಮೂರು ಅಡಿ ಹತ್ತಿರ ಸರಿಸಿದರೆ ವ್ಯತ್ಯಾಸ ತಿಂಗಳಲ್ಲೇ ಕಾಣುತ್ತದೆ. ಒಂದು ಎಚ್ಚರಿಕೆ ಇಲ್ಲಿಯೇ ಸೇರಿಸಬೇಕು. ನಮ್ಮ ಪೋರ್ಟಿಕೋಗಳಲ್ಲಿ ಸಾಮಾನ್ಯವಾಗಿರುವ, ಬಿಳಿ ಚುಕ್ಕೆಗಳ ಅಗಲ ಎಲೆಯ ಡಿಫೆನ್‌ಬ್ಯಾಕಿಯಾದ ಎಲೆ, ಕಾಂಡಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಕಡಿದರೆ ಬಾಯಿ, ನಾಲಿಗೆ ಊದಿಕೊಳ್ಳುತ್ತವೆ. ಅಂಬೆಗಾಲಿಡುವ ಮಗುವೋ, ಎಲೆ ಕಚ್ಚುವ ಅಭ್ಯಾಸದ ನಾಯಿಮರಿಯೋ ಇರುವ ಮನೆಯಲ್ಲಿ ಅದು ಹೊರಗಿರಲಿ.

ಬೆಳಕು ಕಡಿಮೆಯಾದರೆ ಮಾತ್ರವಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಹೆಚ್ಚಾದರೂ ಕೆಲವು ಗಿಡಗಳು ಕೆಡುತ್ತವೆ. ಸೇವಂತಿಗೆ ಹಗಲು ಕಿರಿದಾಗಿ ಇರುಳು ದೀರ್ಘವಾದಾಗ ಮೊಗ್ಗು ಹಿಡಿಯುವ ಗಿಡ. ರಾತ್ರಿಯಿಡೀ ಉರಿಯುವ ಪೋರ್ಟಿಕೋ ದೀಪದ ಕೆಳಗೋ ಬೀದಿದೀಪದ ಮಗ್ಗುಲಲ್ಲೋ ಇಟ್ಟರೆ, ಇರುಳೇ ಆಗಲಿಲ್ಲವೆಂದು ಬಗೆದು ಅದು ಎಲೆ ಬಿಡುತ್ತಲೇ ಹೋಗುತ್ತದೆ. ಹೂವನ್ನು ಬೇಕಾದ ಕಾಲಕ್ಕೆ ಮುಂದೂಡಲು ಬೆಳೆಗಾರರು ಹೊಲದಲ್ಲಿ ದೀಪ ಹಾಕುವುದು ಈ ಗುಣವನ್ನು ಬಳಸಿಕೊಂಡೇ. ನಾಡ ಅವರೆಯದೂ ಇದೇ ಸ್ವಭಾವ. ವರ್ಷದ ಯಾವ ಕಾಲದಲ್ಲಾದರೂ ಅವರೆಕಾಯಿ ಬೇಕೆನ್ನುವವರು, ಹಗಲಿನ ಉದ್ದವನ್ನು ಲೆಕ್ಕಿಸದಂತೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಬಿಡುಗಡೆ ಮಾಡಿದ ಎಚ್.ಎ. 3, ಎಚ್.ಎ. 4ರಂಥ ಹೆಬ್ಬಾಳ ಅವರೆ ತಳಿಗಳನ್ನು ತಾರಸಿಯಲ್ಲಿ ಹಾಕಬಹುದು. ಆದರೆ ಮಾಗಿಯ ಸೊಗಡಿನ ಅವರೆಗೆ ಅವು ಸಮವಲ್ಲವೆಂಬುದು ನಮ್ಮ ಮನೆಯವರೆಲ್ಲರ ತೀರ್ಪು.

ಬೆಳಕು ಇಲ್ಲದಿದ್ದರೆ ಎಲ್‌ಇಡಿ ದೀಪ ಹಾಕಿ ತರಕಾರಿ ಬೆಳೆಯಬಹುದಲ್ಲ ಎಂದು ಕೇಳುತ್ತಾರೆ. ಬೆಳೆಯಬಹುದು, ಲೆಕ್ಕವನ್ನೂ ನೋಡಬೇಕು. 20 ವಾಟಿನ ಒಂದು ದೀಪವನ್ನು ದಿನಕ್ಕೆ 14 ಗಂಟೆ ಉರಿಸಿದರೆ ತಿಂಗಳಿಗೆ ಎಂಟೂವರೆ ಯೂನಿಟ್. ಅದರ ಕೆಳಗೆ ಒಂದು ಟ್ರೇ ಕೊತ್ತಂಬರಿಯೋ ಪುದೀನವೋ ಬರುತ್ತದೆ, ಅದು ಸಹ್ಯ. ಆದರೆ ಒಂದು ಚದರ ಮೀಟರ್ ಜಾಗದಲ್ಲಿ ಟೊಮೆಟೊ ಕಾಯಿ ಕಟ್ಟುವಷ್ಟು ಬೆಳಕು ಕೊಡಲು 250 ವಾಟಿನಷ್ಟಾದರೂ ದೀಪ ಬೇಕು. ಅದೇ 14 ಗಂಟೆಗೆ ತಿಂಗಳಿಗೆ 105 ಯೂನಿಟ್ ಆಗುತ್ತದೆ. ಗೃಹಜ್ಯೋತಿ ಇದೆಯಲ್ಲ ಎನ್ನುವವರು, ಆ ಯೋಜನೆಯಲ್ಲಿ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಹೆಚ್ಚಿಗೆ ಮಾತ್ರ ವಿನಾಯಿತಿ ಇರುವುದನ್ನು ನೆನಪಿಡಬೇಕು. ಮೇಲಿನದಕ್ಕೆ ಚೆಸ್ಕಾಂ ಬಿಲ್ಲು ಬಂದೇ ಬರುತ್ತದೆ. ಬಿಸಿಲು ಪುಕ್ಕಟೆಯಾಗಿ ಸುರಿಯುವ ಊರಿನಲ್ಲಿ ಇಷ್ಟು ಖರ್ಚು ಮಾಡಿ ದೇವರಾಜ ಮಾರುಕಟ್ಟೆಯಲ್ಲಿ ಸಿಗುವ ಟೊಮೆಟೊವನ್ನು ಕೋಣೆಯಲ್ಲಿ ಬೆಳೆಯುವುದು ಹವ್ಯಾಸವಾದೀತೇ ಹೊರತು ತೋಟಗಾರಿಕೆಯಾಗಲಾರದು ಎಂದು ನನಗನಿಸುತ್ತದೆ. ಸಾಲದ್ದಕ್ಕೆ ಮುಚ್ಚಿದ ಕೋಣೆಯಲ್ಲಿ ಜೇನ್ನೊಣವಿಲ್ಲ, ಗಾಳಿಯಿಲ್ಲ. ಟೊಮೆಟೊ, ಬದನೆಯ ಹೂವನ್ನು ಬೆರಳಿನಿಂದ ತಟ್ಟಿ ಅಲುಗಿಸಿದರೆ ಪರಾಗ ಉದುರಿ ಕಾಯಿ ಕಟ್ಟೀತು. ಸೌತೆ, ಹೀರೆ, ಸೋರೆಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ, ಆದ್ದರಿಂದ ಕುಂಚ ಹಿಡಿದು ನಾವೇ ಜೇನ್ನೊಣದ ಕೆಲಸ ಮಾಡಬೇಕು.

ಒಳಗೆ ನಿಜವಾಗಿ ಲಾಭ ತರುವ ಬೆಳೆ ಒಂದಿದೆ, ಮೊಳಕೆಯ ಸೊಪ್ಪು. ಈಗ ಅದನ್ನು ಮೈಕ್ರೋಗ್ರೀನ್ ಎಂದು ಮಾರುತ್ತಾರೆ. ಮದುವೆ, ಉಪನಯನಗಳ ಅಂಕುರಾರ್ಪಣೆಯಲ್ಲಿ ಪಾಲಿಕೆಗಳೆಂಬ ಪಾತ್ರೆಗಳಲ್ಲಿ ನವಧಾನ್ಯ ಬಿತ್ತಿ ಒಳಗಿಟ್ಟಾಗ ಮೂರನೆಯ ನಾಲ್ಕನೆಯ ದಿನಕ್ಕೆ ಹಳದಿ ಮೊಳಕೆಗಳು ಎತ್ತರಕ್ಕೆ ಏಳುವುದನ್ನು ನೋಡಿದವರಿಗೆ ಇದರ ಗುಟ್ಟು ತಿಳಿದೇ ಇದೆ: ಮೊದಲ ವಾರದಲ್ಲಿ ಸಸಿ ಬಾಳುವುದು ಬೀಜದೊಳಗಿನ ಬುತ್ತಿಯಿಂದ, ಬೆಳಕಿನಿಂದಲ್ಲ. ಮೆಂತ್ಯ ಅಥವಾ ಸಾಸಿವೆಯನ್ನು ಒಂದು ರಾತ್ರಿ ನೆನೆಸಿ, ಎರಡು ಅಂಗುಲ ಆಳದ ತಟ್ಟೆಯಲ್ಲಿ ತೆಂಗಿನ ನಾರಿನ ಪುಡಿಯನ್ನೋ ತೊಳೆದ ಮರಳನ್ನೋ ಹರಡಿ ಒತ್ತಾಗಿ ಬಿತ್ತಿ, ಮೊಳೆತ ಮೇಲೆ ಅಡುಗೆಮನೆಯ ಕಿಟಕಿಯಲ್ಲಿಟ್ಟರೆ ಏಳೆಂಟು ದಿನಕ್ಕೆ ಕತ್ತರಿಸಬಹುದು. ಬಿತ್ತನೆಗೆಂದು ಮಾರುವ, ಔಷಧಿ ಲೇಪಿಸಿದ ಬೀಜವನ್ನು ಇದಕ್ಕೆ ಬಳಸಬಾರದು. ದಿನಸಿ ಅಂಗಡಿಯ ಮೆಂತ್ಯವೇ ಸರಿ.

ನೀರಿನ ವಿಷಯದಲ್ಲಿ ಒಳಗು, ಹೊರಗುಗಳ ನಿಯಮ ಒಂದಕ್ಕೊಂದು ಎದುರು. ತಾರಸಿಯ ಹನ್ನೆರಡು ಅಂಗುಲದ ಚೀಲದಲ್ಲಿ ಕಾಯಿ ಹೊತ್ತ ಟೊಮೆಟೊ ಗಿಡ ಏಪ್ರಿಲ್ ತಿಂಗಳಲ್ಲಿ ದಿನಕ್ಕೆ ಒಂದೂವರೆ ಎರಡು ಲೀಟರ್ ಕುಡಿಯುತ್ತದೆ; ಒಂದು ದಿನ ಊರಿಗೆ ಹೋದರೆ ಸಂಜೆಗೆ ತಲೆ ಬಾಗಿಸಿ ನಿಂತಿರುತ್ತದೆ. ಒಳಗಿನ ಗಿಡಕ್ಕೆ ಬಿಸಿಲಿಲ್ಲ, ಗಾಳಿಯಿಲ್ಲ, ಬೆಳವಣಿಗೆಯೂ ನಿಧಾನ, ಹಾಗಾಗಿ ಹೀರುವುದೂ ಕಡಿಮೆ. ಅದಕ್ಕೂ ಹೊರಗಿನದಕ್ಕೆ ಹಾಕಿದಂತೆ ದಿನಾ ಒಂದು ಚೊಂಬು ಸುರಿದರೆ, ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿ ಗಾಳಿಗೆ ಜಾಗವಿಲ್ಲದೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು, ಆದ್ದರಿಂದ ಮೇಲೆ ಎಲೆ ಬಾಡುತ್ತದೆ, ಬಾಡಿದ್ದನ್ನು ಕಂಡು ಮತ್ತೆ ನೀರು ಹಾಕುತ್ತಾರೆ. ಮನೆಯೊಳಗೆ ಸತ್ತ ಗಿಡಗಳಲ್ಲಿ ಬಾಯಾರಿ ಸತ್ತದ್ದಕ್ಕಿಂತ ಮುಳುಗಿ ಸತ್ತದ್ದೇ ಹೆಚ್ಚೆಂದು ನಾನು ನಂಬುತ್ತೇನೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನಲ್ಲಿ ಊರಿ ನೋಡಿ, ತೇವ ತಾಗದಿದ್ದರೆ ಮಾತ್ರ ನೀರು. ಸ್ನೇಕ್ ಪ್ಲಾಂಟಿಗೆ ಅಷ್ಟೂ ಬೇಡ, ಕುಂಡವಿಡೀ ಒಣಗಿದ ಮೇಲೆ ಸಾಕು.

ಕುಂಡದ ಕೆಳಗಿನ ತಟ್ಟೆಗಳ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಅಂಥ ಒಂದಂಗುಲ ತಿಳಿನೀರೇ ಸಾಕು, ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ವಾರಕ್ಕೊಮ್ಮೆ ತಟ್ಟೆಯನ್ನು ಚೆಲ್ಲಿ, ಒಳಬದಿಯನ್ನು ಉಜ್ಜಿ ತೊಳೆಯಬೇಕು, ಏಕೆಂದರೆ ಮೊಟ್ಟೆಗಳು ನೀರಿನ ಅಂಚಿಗೆ ಅಂಟಿಕೊಂಡು ಒಣಗಿಯೂ ಬದುಕಿರುತ್ತವೆ. ನೀರಿನಲ್ಲೇ ಬೆಳೆಸುವ ಮನಿ ಪ್ಲಾಂಟಿನ ಬಾಟಲಿಗೂ ಇದೇ ನಿಯಮ. ಇನ್ನು ಯಾವ ನೀರು ಎಂಬ ಮಾತು. ಕಾವೇರಿ, ಕಬಿನಿಯ ನಲ್ಲಿ ನೀರಿಗೆ ಗಿಡಗಳು ಹೊಂದಿಕೊಳ್ಳುತ್ತವೆ. ಬೋರ್‌ವೆಲ್ಲಿನ ಗಡಸು ನೀರು ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ಹೊರಗಿನ ಕುಂಡಗಳ ಉಪ್ಪನ್ನು ಮಳೆ ತೊಳೆಯುತ್ತದೆ, ಒಳಗಿನವನ್ನು ತೊಳೆಯುವವರಿಲ್ಲ. ಆರ್‌ಓ ಯಂತ್ರ ಹೊರಹಾಕುವ ನೀರಿನಲ್ಲಿ ಆ ಲವಣಗಳು ಇನ್ನೂ ಸಾಂದ್ರವಾಗಿರುವುದರಿಂದ ಅದನ್ನು ನೆಲ ಒರೆಸಲು ಬಳಸುವುದು ಲೇಸು. ಅಕ್ಕಿ ತೊಳೆದ ನೀರು ಹೊರಗಿನ ಕರಿಬೇವಿಗೆ ಒಳ್ಳೆಯದು, ಒಳಗಿನ ಕುಂಡಕ್ಕೆ ಹಾಕಿದರೆ ಹುಳಿ ವಾಸನೆಯೂ, ಮಣ್ಣಿನಿಂದ ಏಳುವ ಸಣ್ಣ ಕಪ್ಪು ನೊಣಗಳೂ ಬೋನಸ್ಸಾಗಿ ಬರುತ್ತವೆ.

ತಾರಸಿಗೆ ಹೋಗುವವರು ಮೊದಲು ತೂಕವನ್ನು ಯೋಚಿಸಬೇಕು. ಇದನ್ನು ಯಾರೂ ಸಾಕಷ್ಟು ಹೇಳುವುದಿಲ್ಲ. ಹನ್ನೆರಡು ಅಂಗುಲ ಅಗಲ, ಅಷ್ಟೇ ಎತ್ತರದ ಚೀಲದಲ್ಲಿ ಇಪ್ಪತ್ತು ಲೀಟರಿನಷ್ಟು ಮಣ್ಣು ಹಿಡಿಯುತ್ತದೆ. ಒದ್ದೆಯಾದ ಕೆಂಪು ಮಣ್ಣಾದರೆ ಒಂದು ಚೀಲ ಮೂವತ್ತು ಮೂವತ್ತೈದು ಕಿಲೋ ತೂಗುತ್ತದೆ. ಒಂದು ಚದರ ಮೀಟರಿನಲ್ಲಿ ಒತ್ತೊತ್ತಾಗಿ ಒಂಬತ್ತು ಚೀಲ ಇಟ್ಟರೆ 300 ಕಿಲೋ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875 ನಿಗದಿಪಡಿಸಿರುವ ಹೊರೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ. ಆದ್ದರಿಂದ ಚೀಲಗಳನ್ನು ನಡುತಾರಸಿಯಲ್ಲಿ ಗುಡ್ಡೆ ಹಾಕದೆ, ಕೆಳಗೆ ಗೋಡೆಯೋ ತೊಲೆಯೋ ಇರುವ ಗೆರೆಯ ಮೇಲೆ ಸಾಲಾಗಿ ಇಡಬೇಕು. ಮಣ್ಣನ್ನು ಕಡಿಮೆ ಮಾಡಿ ನಾರಿನ ಪುಡಿ, ಎರೆಗೊಬ್ಬರ ಹೆಚ್ಚು ಬೆರೆಸಿದರೆ ತೂಕ ಅರ್ಧಕ್ಕೆ ಇಳಿಯುತ್ತದೆ. ಹಳೆಯ ಅಗ್ರಹಾರದ ಮನೆಗಳ ಮದ್ರಾಸ್ ತಾರಸಿಗಳ (ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಗಾರೆ ಹಾಕಿದವು) ಮೇಲೆ, ಎಂಜಿನಿಯರನ್ನು ಕೇಳದೆ ಒಂದು ಕುಂಡವನ್ನೂ ಸೇರಿಸಬಾರದು. ಇಟ್ಟಿಗೆಯ ಮೇಲೆ ಚೀಲವನ್ನು ಎತ್ತರಿಸಿಟ್ಟರೆ ಕೆಳಗೆ ನೀರು ನಿಲ್ಲದು, ಬಿರುಕಿನಲ್ಲಿ ಅರಳಿ ಸಸಿ ಬೇರೂರಿದ್ದೂ ಬೇಗ ಕಣ್ಣಿಗೆ ಬೀಳುತ್ತದೆ.

ಗೊಬ್ಬರದಲ್ಲಿ ಹೊರಗಿನವರು ಶ್ರೀಮಂತರು. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಹೊಂಗೆ ಹಿಂಡಿ, ಕಡಲೆಕಾಯಿ ಹಿಂಡಿ ನೆನೆಸಿದ ನೀರು, ಜೀವಾಮೃತ, ಏನನ್ನಾದರೂ ಹಾಕಬಹುದು. ಮಂಡ್ಯದ ಕಡೆ ನೆಂಟರಿದ್ದರೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿ ಉಳಿಯುವ ಮಡ್ಡಿಯಾದ ಪ್ರೆಸ್‌ಮಡ್ ಚೆನ್ನಾಗಿ ಕಳಿತದ್ದು ಸಿಗುತ್ತದೆ, ಬುಡಕ್ಕೆ ಹೊದಿಸಲು ಕಬ್ಬಿನ ತರಗೂ ಸಿಗುತ್ತದೆ. ಬೇಸಗೆಯಲ್ಲಿ ಆ ಹೊದಿಕೆ ನೀರಿನ ಖರ್ಚನ್ನು ಕಣ್ಣಿಗೆ ಕಾಣುವಷ್ಟು ತಗ್ಗಿಸುತ್ತದೆ. ಮನೆಯೊಳಗಿನ ಕುಂಡಕ್ಕೆ ಹಿಂಡಿ ನೆನೆಸಿದ ನೀರನ್ನು ಹಾಕಿ ನೋಡಿದವರು ಎರಡನೆಯ ಸಲ ಹಾಕುವುದಿಲ್ಲ. ಒಳಗಿನ ಗಿಡಕ್ಕೆ ಎರಡು ಮೂರು ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು.

ಕೀಟಗಳ ವಿಷಯದಲ್ಲಿ ಒಳಗೇ ಕ್ಷೇಮವೆಂದು ಬಹಳ ಜನ ಭಾವಿಸುತ್ತಾರೆ. ಕೋತಿ, ಅಳಿಲು, ಹೆಗ್ಗಣಗಳ ಮಟ್ಟಿಗೆ ಅದು ನಿಜ. ಚಾಮುಂಡಿ ಬೆಟ್ಟದ ತಪ್ಪಲಿನ ಬಡಾವಣೆಗಳವರು ಹಣ್ಣಾಗುವ ತನಕ ಟೊಮೆಟೊವನ್ನು ಗಿಡದಲ್ಲಿ ಬಿಡುವ ಧೈರ್ಯವನ್ನೇ ಮಾಡುವುದಿಲ್ಲ, ಮಳೆಗಾಲದಲ್ಲಿ ಆಫ್ರಿಕದ ದೈತ್ಯ ಬಸವನಹುಳು ಒಂದೇ ಇರುಳಿನಲ್ಲಿ ಸಸಿಗಳ ಸಾಲನ್ನು ಮೇಯುತ್ತದೆ. ಆದರೆ ಸಣ್ಣ ಕೀಟಗಳ ಲೆಕ್ಕ ಬೇರೆ. ಹೊರಗಿನ ಸಸ್ಯಹೇನುಗಳನ್ನು ಗುಲಗಂಜಿ ಹುಳುವೂ ಅದರ ಮರಿಯೂ ತಿನ್ನುತ್ತವೆ, ಜಡಿಮಳೆ ತೊಳೆಯುತ್ತದೆ. ಒಳಗೆ ಒಂದು ಹಿಟ್ಟು ತಿಗಣೆ ಸೇರಿಕೊಂಡರೆ ಅದನ್ನು ತಿನ್ನುವವರು ಯಾರೂ ಇಲ್ಲ. ಫ್ಯಾನಿನ ಒಣಗಾಳಿಯಲ್ಲಿ ನುಸಿ ಹೆಚ್ಚುತ್ತದೆ. ಹೊಸ ಗಿಡವನ್ನು ತಂದಾಗ ಎರಡು ವಾರ ಉಳಿದವುಗಳಿಂದ ದೂರವಿಡುವುದು, ತಿಂಗಳಿಗೊಮ್ಮೆ ಎಲೆಯ ಹಿಂಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪು ಬೆರೆಸಿ ಕಲಸಿ ಸಂಜೆ ಸಿಂಪಡಿಸುವುದು, ಇಷ್ಟು ಸಾಕು. ಸಿಂಪಡಿಸಲು ಕುಂಡವನ್ನು ಬಾಲ್ಕನಿಗೆ ಒಯ್ಯಿರಿ, ಇಲ್ಲದಿದ್ದರೆ ಮನೆಯವರು ನಿಮ್ಮನ್ನೇ ಒಯ್ಯುತ್ತಾರೆ.

ಹೊರಗೆ ಬೆಳೆಯುವವರಿಗೆ ಪಂಚಾಂಗವೇ ಗುರು. ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆಯ ಈ ಊರಿಗೆ ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಹೆಚ್ಚು ಮಳೆ. "ಭರಣಿ ಮಳೆ ಬಂದರೆ ಧರಣಿ ಬೆಳೆ" ಎಂಬ, ಏಪ್ರಿಲ್ ಕೊನೆ, ಮೇ ಮೊದಲಿನ ಮಳೆಯ ಮಾತು ಚೀಲದ ಮಣ್ಣಿಗೂ ಸಲ್ಲುತ್ತದೆ. ಆಗ ಮಣ್ಣು ಹದಮಾಡಿಟ್ಟು, ಜೂನ್ ತಿಂಗಳ ಮೃಗಶಿರ, ಆರಿದ್ರದ ಹೊತ್ತಿಗೆ ಬೆಂಡೆ, ಬದನೆ, ಹರಿವೆ ಹಾಕಬೇಕು. ಅಕ್ಟೋಬರಿನ ಚಿತ್ತೆ, ಸ್ವಾತಿಯ ಮಳೆ ಹಿಡಿದುಕೊಂಡರೆ ಟೊಮೆಟೊಗೆ ಅಂಗಮಾರಿ ತಗಲುತ್ತದೆ, ಹಾಗಾಗಿ ನಾನು ಟೊಮೆಟೊ ಸಸಿಯನ್ನು ಆ ಮಳೆ ಕಳೆದ ಮೇಲೇ ನೆಡುವುದು. ಮಾರ್ಚಿನಿಂದ ಮೊದಲ ಮಳೆಯವರೆಗೆ ಅರ್ಧ ಬಿಸಿಲನ್ನು ತಡೆಯುವ ಹಸಿರು ಶೇಡ್‌ನೆಟ್ ಬೇಕು. ಒಳಗಿನವರಿಗೆ ಈ ಯಾವ ಚಿಂತೆಯೂ ಇಲ್ಲ, ಋತುಗಳೂ ಇಲ್ಲ.

ಒಳಗಿನ ಗಿಡಗಳು ಗಾಳಿಯನ್ನು ಶುದ್ಧೀಕರಿಸುತ್ತವೆಂಬ ಮಾತು 1989ರ ನಾಸಾ ಪ್ರಯೋಗವೊಂದರಿಂದ ಹುಟ್ಟಿದ್ದು. ಆ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಅನಂತರದ ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿ 2019ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿಯಷ್ಟು ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು. ಕಿಟಕಿ ತೆರೆಯುವುದೇ ಅಗ್ಗ. ಗಿಡವನ್ನು ಚೆಂದಕ್ಕೆ ಇಡಿ, ಅದರಲ್ಲಿ ತಪ್ಪೇನಿಲ್ಲ.

ಈ ಎರಡರ ನಡುವೆ ನಮ್ಮ ಮನೆಗಳಲ್ಲಿ ಮೂರನೆಯದೊಂದು ಜಾಗವಿದೆ: ಹಳೆಯ ಮನೆಯಾದರೆ ಜಗಲಿ, ತೊಟ್ಟಿಯ ಅಂಚು; ಹೊಸದಾದರೆ ಸಿಟ್‌ಔಟ್, ಪೋರ್ಟಿಕೋ, ಮಹಡಿ ಮೆಟ್ಟಿಲಿನ ತಿರುವು, ಸಜ್ಜದ ಕೆಳಗಿನ ಕಟ್ಟೆ. ಮೇಲೆ ಸೂರಿದೆ, ಪಕ್ಕದಿಂದ ಆಕಾಶ ಕಾಣುತ್ತದೆ, ಗಾಳಿಯಾಡುತ್ತದೆ, ಬೆಳಗಿನ ಎರಡು ಮೂರು ಗಂಟೆ ಬಿಸಿಲು ಬರುತ್ತದೆ. ಹೆಚ್ಚಿನ ಮನೆಗಳಲ್ಲಿ ಇಲ್ಲಿ ಚಪ್ಪಲಿ ಸ್ಟ್ಯಾಂಡೂ ಹಳೆಯ ಸೈಕಲ್ಲೂ ಇರುತ್ತವೆ. ನನ್ನ ದೃಷ್ಟಿಯಲ್ಲಿ ಮೈಸೂರಿನ ಮನೆಯ ಅತ್ಯುತ್ತಮ ತೋಟ ಇದು. ವೀಳ್ಯದೆಲೆಯ ಬಳ್ಳಿಗೆ ಬೇಕಾದದ್ದು ಸರಿಯಾಗಿ ಇಂಥ ಅರೆನೆರಳು, ತಂಪು. ತೋಟಗಳಲ್ಲೂ ಅದನ್ನು ಬೇರೆ ಗಿಡಗಳ ನೆರಳಿನಲ್ಲೇ ಹಬ್ಬಿಸುತ್ತಾರೆ. ಒಂದೆಲಗ, ದೊಡ್ಡಪತ್ರೆ, ಪುದೀನ, ಚಕ್ರಮುನಿ, ಬಸಳೆ ಇಲ್ಲಿ ಚೆನ್ನಾಗಿ ಬರುತ್ತವೆ. ತಂಬುಳಿ, ಚಟ್ನಿ, ಸಾರಿಗೆ ಬೇಕಾದ ಸೊಪ್ಪು ಅಡುಗೆಮನೆಯಿಂದ ಹತ್ತು ಹೆಜ್ಜೆಯಲ್ಲಿ ಸಿಗುವುದರಿಂದ ಅದನ್ನು ಬಳಸುವುದೂ ಹೆಚ್ಚು. ತಾರಸಿಯ ಸೊಪ್ಪನ್ನು ಕೊಯ್ಯಲು ಮಳೆ ಬರುವಾಗ ಯಾರೂ ಮೆಟ್ಟಿಲು ಹತ್ತುವುದಿಲ್ಲ.

ಈ ನಡುಜಾಗ ಒಳಗಿನ ಗಿಡಗಳಿಗೂ ಚಿಕಿತ್ಸಾಲಯ. ಒಂದೇ ಬಗೆಯ ಎರಡು ಕುಂಡಗಳನ್ನು ಸಾಕಿಕೊಂಡು, ಒಂದು ಹಾಲಿನಲ್ಲಿರುವಾಗ ಇನ್ನೊಂದನ್ನು ಸಿಟ್‌ಔಟಿನಲ್ಲಿಟ್ಟು, ಮೂರು ವಾರಕ್ಕೊಮ್ಮೆ ಅದಲುಬದಲು ಮಾಡಿದರೆ ಎರಡೂ ಸೊರಗುವುದಿಲ್ಲ. ಒಳಗಿನ ಗಿಡವನ್ನು ಒಮ್ಮೆಗೇ ಬಿಸಿಲಿಗೆ ತಳ್ಳಿದರೆ ಎಲೆ ಬೆಳ್ಳಗೆ ಸುಟ್ಟುಹೋಗುತ್ತದೆ, ಆ ಎಲೆ ಮತ್ತೆ ಹಸಿರಾಗುವುದಿಲ್ಲ. ಆದ್ದರಿಂದ ಮೊದಲು ಸಜ್ಜದ ಕೆಳಗೆ, ವಾರದ ಮೇಲೆ ಬೆಳಗಿನ ಒಂದು ಗಂಟೆಯ ಎಳೆಬಿಸಿಲಿಗೆ ಎಂದು ಅಭ್ಯಾಸ ಮಾಡಿಸಬೇಕು. ಈ ಸಾಗಾಟಕ್ಕೆ ಜೂನ್ ತಿಂಗಳ ಮೋಡದ ದಿನಗಳು ಸೂಕ್ತ; ಆಗ ಒಂದೆರಡು ಮಳೆಯಲ್ಲಿ ನೆನೆಯಲು ಬಿಟ್ಟರೆ ಎಲೆಯ ಧೂಳೂ ಮಣ್ಣಿನ ಉಪ್ಪೂ ಒಟ್ಟಿಗೆ ತೊಳೆದುಹೋಗುತ್ತವೆ. ಒಂದು ತಿಂಗಳು ಹೊರಗಿದ್ದು ಚಿಗುರಿದ ಗಿಡವನ್ನು ಒಳಗೆ ತರುವಾಗ ಎಲೆಯ ಅಡಿ, ಕುಂಡದ ತಳ ಎರಡನ್ನೂ ನೋಡಿಯೇ ತರಬೇಕು, ಬಸವನಹುಳುವಿನ ಮರಿಗಳು ಅಂಟಿಕೊಂಡಿರುವುದು ಸಾಮಾನ್ಯವಾಗಿ ತಳದ ತೂತಿನ ಸುತ್ತಲೇ.